ಖಾಲಿ ಟವರಿನ ಕೆಳಗೂ 64 ಕೆಬಿಪಿಎಸ್

ನವರಾತ್ರಿಯಲ್ಲಿ ವಡೋದರದ ಗರಬಾ ಮೈದಾನಗಳಲ್ಲಿ ಸಾವಿರಾರು ಫೋನುಗಳು ಒಂದೇ ಹೊತ್ತಿಗೆ ವಿಡಿಯೊ ಕಳಿಸತೊಡಗುತ್ತವೆ. ಅಲ್ಲಿ ಇಂಟರ್ನೆಟ್ ತೆವಳಿದರೆ ಕಂಪನಿಯನ್ನು ಬೈದು ಫಲವಿಲ್ಲ. ಒಂದು ಟವರಿನ ತರಂಗಾಂತರಕ್ಕೆ ಮಿತಿಯಿದೆ, ಅದನ್ನು ಅಲ್ಲಿರುವವರೆಲ್ಲ ಹಂಚಿಕೊಳ್ಳಲೇಬೇಕು.

ಆದರೆ ಸೂರತ್‌ನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆ ಬಾಗಿಲು ಹಾಕಿದ ಮೇಲೆ, ದಿನದ 1.5 ಜಿಬಿ ಮುಗಿಸಿಕೊಂಡ ಕಾವಲುಗಾರನ ಫೋನು 64 ಕೆಬಿಪಿಎಸ್‌ಗೆ ಇಳಿಯುವುದೇಕೆ? ಸುತ್ತಲಿನ ಅಂಗಡಿಗಳೆಲ್ಲ ಖಾಲಿ. ಆ ವೇಗದಲ್ಲಿ 2 ಎಂಬಿಯ ಒಂದು ಫೋಟೊ ಕಳಿಸಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು. 2023ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್‌ಗೆ ಗೊತ್ತುಮಾಡಿದ ಕನಿಷ್ಠ ವೇಗ 2 ಎಂಬಿಪಿಎಸ್. ಇದು ಅದರ ಮೂವತ್ತನೆಯ ಒಂದು ಪಾಲು.

ಹೀಗೆ ತಡೆಯದಿದ್ದರೆ ಕೆಲವರೇ ಎಲ್ಲವನ್ನೂ ಬಳಸಿಬಿಡುತ್ತಾರೆ ಎಂಬುದು ವಾದ. ಬ್ಯಾಂಡ್‌ವಿಡ್ತ್ ಕೆರೆಯ ನೀರಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಅದು ಬಸ್ಸಿನ ಸೀಟಿನಂತೆ: ಖಾಲಿ ಹೊರಟ ಸೀಟನ್ನು ನಾಳೆಗೆ ಎತ್ತಿಡಲಾಗದು. ನಡುರಾತ್ರಿ ಉಳಿಸಿದ ಡೇಟಾ ಸಂಜೆ ಎಂಟರ ನೂಕುನುಗ್ಗಲಿಗೆ ಒದಗುವುದಿಲ್ಲ.

ಲೆಕ್ಕ ಬೇರೆಯೇ ಇದೆ. 2022ರ ನವೆಂಬರ್‌ನಲ್ಲಿ ಗುಜರಾತಿನ 33 ಜಿಲ್ಲಾ ಕೇಂದ್ರಗಳಿಗೂ 5ಜಿ ತಲುಪಿಸಿದ್ದಾಗಿ ಜಿಯೋ ಘೋಷಿಸಿತು. 2024ರ ಜುಲೈನಲ್ಲಿ ದರ ಏರಿಸಿದಾಗ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನುಗಳಿಗಷ್ಟೇ ಉಳಿಸಿಕೊಂಡಿತು. ಅದೇ ಫೋನು, ಅದೇ ಟವರು, ಅದೇ ತರಂಗಾಂತರ. ಒಬ್ಬರಿಗೆ ಮಿತಿಯೇ ಇಲ್ಲ, ಪಕ್ಕದವರಿಗೆ 1.5 ಜಿಬಿ. ಇದು ವ್ಯಾಪಾರ. ವ್ಯಾಪಾರ ಮಾಡುವುದು ತಪ್ಪಲ್ಲ, ಅದಕ್ಕೆ ನೆಟ್‌ವರ್ಕ್ ರಕ್ಷಣೆಯ ಹೆಸರು ಕೊಡುವುದು ತಪ್ಪು.

ನಿಜವಾದ ಹೊರೆ ಇಳಿಸುವ ದಾರಿ ದೇಶಕ್ಕೆ ಗೊತ್ತಿದೆ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ವಿಡಿಯೊ ಕಂಪನಿಗಳು ಮೊಬೈಲಿನಲ್ಲಿ ಚಿತ್ರದ ಗುಣಮಟ್ಟವನ್ನು 480ಪಿಗೆ ಇಳಿಸಲು ಒಪ್ಪಿದವು. ಯಾರ ಕೋಟಾಕ್ಕೂ ಕತ್ತರಿ ಬೀಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಟ್ರಾಯ್, ಕಂಪನಿಗಳು ಟ್ರಾಫಿಕ್ ನಿಭಾಯಿಸುವ ರೀತಿಯ ಮೇಲೆ ಕಣ್ಣಿಡಲು ಒಂದು ಮಂಡಳಿ ಬೇಕೆಂದು ಶಿಫಾರಸು ಮಾಡಿತು. 2024ರ ಅದರ ನಿಯಮಗಳು ಕಂಪನಿಗಳಿಂದ ಕವರೇಜ್ ನಕ್ಷೆಯನ್ನೂ ಕೇಳುತ್ತವೆ. ನಕ್ಷೆ ತೋರಿಸುವುದು ಸಿಗ್ನಲ್ ಎಲ್ಲಿದೆ ಎಂಬುದನ್ನು. ಅಹಮದಾಬಾದ್‌ನ 1,32,000 ಆಸನಗಳ ಕ್ರೀಡಾಂಗಣದಲ್ಲಿ ಪಂದ್ಯದ ದಿನ ಆ ಸಿಗ್ನಲ್ ಕೆಲಸಕ್ಕೆ ಬರುತ್ತದೆಯೇ ಎಂಬುದನ್ನಲ್ಲ.

ಯಾವ ಟವರು ಯಾವ ಗಂಟೆಯಲ್ಲಿ ಉಸಿರುಗಟ್ಟುತ್ತದೆಂದು ಕಂಪನಿಗಳು ಪ್ರಕಟಿಸಲಿ. ವೇಗಕ್ಕೆ ಕಡಿವಾಣ ಅಲ್ಲಿ, ಆಗ ಮಾತ್ರ ಬೀಳಲಿ, ದಟ್ಟಣೆ ಕರಗಿದೊಡನೆ ಸಡಿಲವಾಗಲಿ. ಗರಬಾ ಮೈದಾನದಲ್ಲಿ ಕಾಯಲು ಜನ ತಯಾರಿದ್ದಾರೆ. ಬಾಗಿಲು ಹಾಕಿದ ಮಾರುಕಟ್ಟೆಯ ಕಾವಲುಗಾರ ಯಾರಿಗಾಗಿ ಕಾಯಬೇಕು?