ಗುಳ್ಳೆಗೆ ತೆರಿಗೆ, ಸಕ್ಕರೆಗೆ ರಿಯಾಯಿತಿ

ಶಾಲೆಗಳ ಗೋಡೆಗೆ ‘ಸಕ್ಕರೆ ಫಲಕ’ ಬಂತು, ಕೋಲಾಕ್ಕೆ ಶೇ 40ರ ಜಿಎಸ್‌ಟಿ ಬಂತು, ಸರ್ಕಾರ ಸಕ್ಕರೆಯ ವಿರುದ್ಧ ಸಮರ ಸಾರಿಯೇಬಿಟ್ಟಿತು ಎಂಬ ಮಾತು ಹರಿದಾಡುತ್ತಿದೆ. ಹಾಗೇನೂ ಆಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ದರಪಟ್ಟಿ ಮಕ್ಕಳು ದಿನವೂ ತಿನ್ನುವ ಸಿಹಿಯನ್ನು ಅಗ್ಗ ಮಾಡಿದೆ. ಬಿಸ್ಕತ್ತು, ಚಾಕೊಲೇಟ್, ಕೇಕ್, ಐಸ್‌ಕ್ರೀಂ ಶೇ 18ರಿಂದ ಶೇ 5ಕ್ಕೆ ಇಳಿದವು. ಕೋಲಾದ ಮೇಲಿನ ಶೇ 40 ಹೊಸ ಹೊರೆಯೂ ಅಲ್ಲ. ಶೇ 28ರ ತೆರಿಗೆ, ಶೇ 12ರ ಸೆಸ್ ಸೇರಿ ಮೊದಲೂ ಅಷ್ಟೇ ಇತ್ತು.

ಯಾವುದೇ ಬಸ್ ನಿಲ್ದಾಣದ ಅಂಗಡಿಯ ಫ್ರಿಜ್ ನೋಡಿ. ಒಂದು ಬಾಟಲಿಯಲ್ಲಿ ಮಾವಿನ ಪಾನೀಯ. ಹೆಸರಾಂತ ಬ್ರ್ಯಾಂಡುಗಳಲ್ಲೇ 100 ಮಿ.ಲೀ.ಗೆ ಹತ್ತು ಗ್ರಾಂ ದಾಟಿದ ಸಕ್ಕರೆ ಸಿಗುತ್ತದೆ. ಅಂದರೆ ಕೋಲಾಕ್ಕೆ ಸರಿಸಮ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇದರ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಅದೇ ಹಣ್ಣಿನ ಪಾನೀಯಕ್ಕೆ ಗ್ಯಾಸ್ ತುಂಬಿದರೆ ಶೇ 40. ಪಕ್ಕದಲ್ಲಿರುವ ಸಕ್ಕರೆರಹಿತ ಕೋಲಾಕ್ಕೂ ಶೇ 40. ಸಕ್ಕರೆಯನ್ನು ಅಳೆಯದೆ ಗುಳ್ಳೆಯನ್ನು ಎಣಿಸುವ ಈ ತೆರಿಗೆಯನ್ನು ಆರೋಗ್ಯದ ತೆರಿಗೆ ಎಂದು ಕರೆಯಬೇಡಿ. ಸಕ್ಕರೆರಹಿತ ಕೋಲಾ ಕುಡಿಯಿರಿ ಎಂಬುದು ನನ್ನ ಸಲಹೆಯಲ್ಲ. ತೂಕ ಇಳಿಸಲು ಕೃತಕ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ನನ್ನ ಪ್ರಶ್ನೆ ಇಷ್ಟೆ: ಸಕ್ಕರೆ ಅರ್ಧಕ್ಕೆ ಇಳಿಸಿದರೂ ತೆರಿಗೆ ಒಂದು ಪೈಸೆ ಇಳಿಯದಿದ್ದರೆ ಯಾವ ಕಂಪನಿ ತಾನೇ ಇಳಿಸೀತು?

ಇಲ್ಲಿ ಬ್ರಿಟನ್ನಿನ ಒಂದು ಲೆಕ್ಕವನ್ನು ನೋಡಲೇಬೇಕು. 2016ರ ಮಾರ್ಚ್‌ನಲ್ಲಿ ಅಲ್ಲಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ತಂಪು ಪಾನೀಯಗಳ ಮೇಲೆ ಸುಂಕ ಘೋಷಿಸಿದರು. 100 ಮಿ.ಲೀ.ನಲ್ಲಿ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ಸುಂಕವೇ ಇಲ್ಲ. 5 ಗ್ರಾಂನಿಂದ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ಎಂಬುದು ಆಗಿನ ದರ. ಜಾರಿ ಮಾತ್ರ 2018ರ ಏಪ್ರಿಲ್‌ನಲ್ಲಿ. ಮೊದಲ ವರ್ಷ 52 ಕೋಟಿ ಪೌಂಡ್ ಬರಬಹುದೆಂದು ಅಂದಾಜಿಸಿದ್ದ ಸರ್ಕಾರ, ಜಾರಿಯ ಹೊತ್ತಿಗೆ ಅದನ್ನು 24 ಕೋಟಿಗೆ ಇಳಿಸಬೇಕಾಯಿತು. ಕಾರಣ, ಆ ಎರಡು ವರ್ಷಗಳಲ್ಲಿ ತಯಾರಕರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾನೀಯದ ಸಕ್ಕರೆಯನ್ನೇ ಕಡಿಮೆ ಮಾಡಿದ್ದರು. 2015ರಿಂದ 2019ರ ನಡುವೆ ಸುಂಕದ ವ್ಯಾಪ್ತಿಯ ಪಾನೀಯಗಳಲ್ಲಿ ಸಕ್ಕರೆಯ ಸರಾಸರಿ ಪ್ರಮಾಣ ಶೇ 40ಕ್ಕೂ ಹೆಚ್ಚು ಕುಸಿಯಿತು.

ಬೊಕ್ಕಸಕ್ಕೆ ಬಾರದೇ ಹೋದ ಆ 28 ಕೋಟಿ ಪೌಂಡ್‌ ಆ ಸುಂಕದ ನಿಜವಾದ ಗಳಿಕೆ. ‘ತೆರಿಗೆ ಹಾಕಿದರೆ ಜನ ಚಟ ಬಿಡುತ್ತಾರೆಯೇ’ ಎಂದು ಕೇಳುವವರು ಇದನ್ನು ಗಮನಿಸಬೇಕು. ಅಲ್ಲಿ ಯಾರೂ ಚಟ ಬಿಡಬೇಕಾಗಲಿಲ್ಲ, ಬಾಟಲಿಯೊಳಗಿನ ಪಾಕವೇ ಬದಲಾಯಿತು.

ನಾವು ಮಾತ್ರ ಮಗುವಿಗೇ ಪಾಠ ಹೇಳುತ್ತಿದ್ದೇವೆ. ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಲು 2025ರ ಮೇನಲ್ಲಿ ಸಿಬಿಎಸ್‌ಇ ಹೊರಡಿಸಿದ ಸುತ್ತೋಲೆಯ ಪ್ರಕಾರ 4ರಿಂದ 10 ವರ್ಷದ ಮಕ್ಕಳ ದಿನದ ಕ್ಯಾಲೊರಿಯಲ್ಲಿ ಶೇ 13, 11ರಿಂದ 18 ವರ್ಷದವರಲ್ಲಿ ಶೇ 15 ಸಕ್ಕರೆಯಿಂದಲೇ ಬರುತ್ತದೆ. ಇರಬೇಕಾದ್ದು ಶೇ 5. ಫಲಕ ಬೇಡ ಎನ್ನುವುದಿಲ್ಲ, ಇರಲಿ. ಆದರೆ ಅದನ್ನು ಓದಿ ಗೇಟು ದಾಟಿದ ಮಗುವಿನ ಕೈಗೆ ಐದು ರೂಪಾಯಿಗೆ ಬರುವ ಗ್ಲೂಕೋಸ್ ಬಿಸ್ಕತ್ತಿನ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಸಕ್ಕರೆ ಅಂಶ ಜಾಸ್ತಿ ಎಂಬ ಕಾರಣವನ್ನೂ ಕೊಟ್ಟು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಶಾಲೆಗಳ ಶೇಂಗಾ ಚಿಕ್ಕಿಯನ್ನು ನಿಲ್ಲಿಸಿತು. ಬಡ ಮಕ್ಕಳ ಚಿಕ್ಕಿಗೆ ಇಷ್ಟು ಕಟ್ಟುನಿಟ್ಟು, ಬಿಸ್ಕತ್ತು ಕಂಪನಿಗೆ ಹದಿಮೂರು ಪಾಯಿಂಟ್ ವಿನಾಯಿತಿ! ಇದನ್ನು ಒಪ್ಪಲಾಗದು.

ಇನ್ನು ಕಬ್ಬು ಬೆಳೆಗಾರರ ಹೆಸರು ಹೇಳಿ ಹೆದರಿಸುವವರಿದ್ದಾರೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಗಿಳಿದದ್ದು ಟನ್‌ಗೆ 3,500 ರೂಪಾಯಿ ಕೇಳಿ. ಜನ ಸಕ್ಕರೆ ತಿನ್ನುವುದು ಕಡಿಮೆಯಾಯಿತೆಂದಲ್ಲ. ಆಗ ಮುಖ್ಯಮಂತ್ರಿ ಪ್ರಧಾನಿಯ ಮುಂದಿಟ್ಟ ವಿಷಯಗಳು ಕೆ.ಜಿ.ಗೆ 31 ರೂಪಾಯಿಯಲ್ಲೇ ನಿಂತಿದ್ದ ಸಕ್ಕರೆಯ ಕನಿಷ್ಠ ಬೆಲೆ ಮತ್ತು ಎಥೆನಾಲ್ ಹಂಚಿಕೆ. ಆ ವಾದ ಗೆಲ್ಲಲು ಮಕ್ಕಳ ಪಾನೀಯದಲ್ಲಿ ಹತ್ತು ಗ್ರಾಂ ಸಕ್ಕರೆ ಇರಲೇಬೇಕಿಲ್ಲ.

ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರ ಕೂರುವವರು ಕೃಷ್ಣ ಬೈರೇಗೌಡ. ಮುಂದಿನ ಸಭೆಯಲ್ಲಿ ಅವರು ಎರಡು ಬೇಡಿಕೆ ಇಡಲಿ: ಗ್ಯಾಸ್ ಇರಲಿ ಬಿಡಲಿ, ಹಣ್ಣಿನ ಚಿತ್ರ ಇರಲಿ ಬಿಡಲಿ, ಪಾನೀಯದ ತೆರಿಗೆ 100 ಮಿ.ಲೀ.ನಲ್ಲಿರುವ ಸಕ್ಕರೆಯ ಗ್ರಾಂ ಲೆಕ್ಕದಲ್ಲಿ ನಿಗದಿಯಾಗಲಿ. ಬಿಸ್ಕತ್ತಿಗೂ ಇಂಥದೇ ಮಿತಿ ಗೊತ್ತುಪಡಿಸಿ, ಅದರೊಳಗೆ ಬಂದವರಿಗಷ್ಟೇ ಶೇ 5ರ ದರ ಸಿಗಲಿ. ತಯಾರಿಗೆ ಕಂಪನಿಗಳಿಗೆ ಎರಡು ವರ್ಷ ಕೊಡಲಿ. ವರಮಾನ ಖೋತಾ ಆಗುತ್ತದೆ ಎಂದು ಯಾರಾದರೂ ತಕರಾರು ಎತ್ತಿದರೆ, ಬ್ರಿಟನ್ನಿನ ಆ 24 ಕೋಟಿಯ ಲೆಕ್ಕ ತೋರಿಸಲಿ.