ರಂಗಮಂದಿರ ಕಟ್ಟಲು ದಾನಿಗಳು ಸಿಕ್ಕಾರು, ನಡೆಸಲು?



ಕಳೆದ ರಾಜ್ಯೋತ್ಸವಕ್ಕೆ ಗೊತ್ತುಮಾಡಿದ್ದ ಫಂಕ್ಷನ್ ಹಾಲು ಕೊನೆಯ ವಾರದಲ್ಲಿ ಕೈತಪ್ಪಿದ್ದು ನಿಮಗೆಲ್ಲ ನೆನಪಿದೆ. ಅದೇ ದಿನಕ್ಕೆ ಮದುವೆ ಬಂತು, ನಮ್ಮ ಮುಂಗಡ ವಾಪಸು ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಕಾರ್ಯಕ್ರಮ ಮುಗಿಸಿದೆವು. ಮಕ್ಕಳ ಕುಣಿತ ಚೆನ್ನಾಗಿಯೇ ಆಯಿತು. ನಾಟಕದ ಮಾತು ಮಾತ್ರ ಮೂರನೇ ಸಾಲಿನಾಚೆ ಕೇಳಲಿಲ್ಲ. ಅಂದಿನಿಂದ ನಾರಾಯಣಪೇಟೆ, ಮಖ್ತಲ್, ಗದ್ವಾಲ ಎಲ್ಲಿ ಹೋದರೂ ಸದಸ್ಯರದು ಒಂದೇ ಮಾತು: ನಮ್ಮದೇ ಒಂದು ರಂಗಮಂದಿರ ಬೇಕು, ದಾನಿಗಳನ್ನು ಹುಡುಕೋಣ.

ಆಸೆ ನಮಗೂ ಇದೆ. ಆದರೆ ದಾನ ಯಾವುದಕ್ಕೆ ಕೇಳಬೇಕು ಎಂಬುದರಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ.

ಈ ಸೀಮೆಯಲ್ಲಿ ಕಲೆಗೆ ಕೊಡುವ ಕೈ ಹೊಸದಲ್ಲ. ಗದ್ವಾಲದ ಅರಸರು ಕವಿ ಪಂಡಿತರನ್ನು ಕರೆಸಿ ಸತ್ಕರಿಸುತ್ತಿದ್ದುದರಿಂದಲೇ ಆ ಊರಿಗೆ 'ವಿದ್ವದ್ಗದ್ವಾಲ' ಎಂಬ ಹೆಸರು ಬಂತು. ಸಂಸ್ಥಾನ ಹೋಯಿತು, ಆ ಕೈಯೂ ಹೋಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು, ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು, ಕಚೇರಿಗಳು ಮನೆಬಾಗಿಲಿಗೆ ಬಂದವು. ಒಳ್ಳೆಯ ಕನ್ನಡ ನಾಟಕ ನೋಡಬೇಕೆಂದರೆ ಇಂದಿಗೂ ಕೃಷ್ಣಾ ಸೇತುವೆ ದಾಟಿ ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರಕ್ಕೇ ಹೋಗುತ್ತೇವೆ.

ಅರಸರ ಕೊಡುಗೆಗಿಂತ ಹಳ್ಳಿಯ ಪಟ್ಟಿ ನಮಗೆ ಹೆಚ್ಚು ಪಾಠ ಹೇಳುತ್ತದೆ. ಬಯಲಾಟ ಗೊತ್ತಾದರೆ ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಿದ್ದರು. ಉಳ್ಳವರು ಜೋಳದ ಚೀಲ ಕೊಟ್ಟರೆ ಇಲ್ಲದವರು ಅಟ್ಟ ಕಟ್ಟಲು ಆಳಾಗಿ ಬರುತ್ತಿದ್ದರು. ನಡುರಾತ್ರಿ ಆಟ ನಿಲ್ಲಿಸಿ ಆಯೇರಿ ಕೂಗುವಾಗ ಐದು ರೂಪಾಯಿ ಕೊಟ್ಟವರ ಹೆಸರೂ ಊರಿಗೆಲ್ಲ ಕೇಳುತ್ತಿತ್ತು. ಆಟವಾದ ಮೇಲೆ ಗುಡಿಯ ಕಟ್ಟೆಯಲ್ಲಿ ಕೂತು ಜಮಾಖರ್ಚು ಓದುವುದಿತ್ತು, ಎಣ್ಣೆಯ ಲೆಕ್ಕ ತಪ್ಪಿದರೆ ಅಲ್ಲೇ ಜಗಳ. ಅದರ ಕೊರತೆ ಒಂದೇ: ಬೆಳಗಾಗುವಷ್ಟರಲ್ಲಿ ಹಣವೆಲ್ಲ ಖರ್ಚಾಗಿ, ಮರುವರ್ಷ ಮತ್ತೆ ಸೊನ್ನೆಯಿಂದ ಶುರು.

ಈಗಿನ ದಾನಕ್ಕೆ ಗೋಡೆ ಬೇಕು, ಕಲ್ಲು ಬೇಕು. ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ತಿರುಗುವುದನ್ನು ನೋಡಿದ್ದೇವೆ. ಹೆಸರು ಬರೆಸುವುದು ತಪ್ಪಲ್ಲ. ಲೈಟಿನ ಬಿಲ್ಲಿನ ಮೇಲೆ ಹೆಸರು ಬರೆಸಲು ಜಾಗವಿಲ್ಲ, ತೊಂದರೆ ಇರುವುದು ಅಲ್ಲಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಹೊರನಾಡ ಗಡಿಯ ಸಂಘಗಳಿಗೂ ಅನುದಾನ ಸಿಗುವುದುಂಟು, ಅರ್ಜಿ ಹಾಕೋಣ. ಆದರೆ ಅನುದಾನ ಒಂದು ಕೆಲಸಕ್ಕೆ ಒಮ್ಮೆ ಬರುತ್ತದೆ. ತಿಂಗಳು ತಿಂಗಳು ಕಾವಲುಗಾರನ ಸಂಬಳ, ಕಸ, ನೀರು, ಮಳೆಗಾಲದ ಸೋರಿಕೆ ನಮ್ಮ ತಲೆಯ ಮೇಲೇ. ಅದಕ್ಕೆ ಹಣವಿಲ್ಲದ ರಂಗಮಂದಿರ ಎರಡು ವರ್ಷದಲ್ಲಿ ಮದುವೆ ಹಾಲಾಗುತ್ತದೆ. ಆಗ ರಾಜ್ಯೋತ್ಸವಕ್ಕೆ ನಮ್ಮ ಹಾಲು ನಮಗೇ ಸಿಗುವುದಿಲ್ಲ!

ಹೆಗ್ಗೋಡನ್ನು ನೋಡಿ. ಅಡಿಕೆ ಬೆಳೆಗಾರರ ಆ ಹಳ್ಳಿಯಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ, ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವಿನ 23 ವರ್ಷ ಅವರು ಗೋಡೆಗಾಗಿ ಕಾಯುತ್ತ ಕೂರಲಿಲ್ಲ, ನಾಟಕ ಆಡಿದರು, ನೋಡುವವರನ್ನು ಬೆಳೆಸಿದರು. ಬೆಂಗಳೂರಿನ ರಂಗಶಂಕರ ಶಂಕರ್‌ನಾಗ್ ತೀರಿಕೊಂಡ 14 ವರ್ಷಗಳ ಮೇಲೆ, 2004ರಲ್ಲಿ ತೆರೆಯಿತು. ಸರ್ಕಾರದ ಜಾಗ, ಹಲವರ ದೇಣಿಗೆ, ಅರುಂಧತಿ ನಾಗ್ ಅವರ ಓಡಾಟ ಎಲ್ಲ ಕೂಡಿದ್ದಕ್ಕೆ ಅಷ್ಟು ಕಾಲ ಹಿಡಿಯಿತು. ಅದೂ ರಾಜಧಾನಿಯಲ್ಲಿ.

ಇನ್ನು ಮಂದಿರ ಕನ್ನಡಕ್ಕೆ ಮಾತ್ರವೋ ಎಂಬ ಪ್ರಶ್ನೆ. ಸಭೆಯಲ್ಲಿ ಇದರ ಮೇಲೆ ದನಿ ಏರಿತ್ತು. ದಾಮರಗಿದ್ದದ ಬುರ್ರವೀಣೆಯ ದಾಸರಿ ಕೊಂಡಪ್ಪನವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅವರು ತೆಲುಗಿನಲ್ಲೂ ಹಾಡುತ್ತಾರೆ, ಕನ್ನಡದಲ್ಲೂ ಹಾಡುತ್ತಾರೆ. ಅಂಥವರನ್ನು ಯಾವ ಭಾಷೆಯ ಮಂದಿರದಲ್ಲಿ ಕೂಡಿಸುವುದು? ಕನ್ನಡದ ಕಾರ್ಯಕ್ರಮವನ್ನಷ್ಟೇ ನಂಬಿದರೆ ಹಾಲಿನ ಬೀಗ ವರ್ಷದಲ್ಲಿ ಹತ್ತು ಸಲವೂ ತೆಗೆಯಲಾರೆವು. ತೆಲುಗು ಬಂಧುಗಳನ್ನು ಕೂಡಿಸಿಕೊಂಡರೆ ಪಟ್ಟಿಯೂ ದೊಡ್ಡದಾಗುತ್ತದೆ, ಪ್ರೇಕ್ಷಕರೂ ಹೆಚ್ಚುತ್ತಾರೆ. ಕನ್ನಡಕ್ಕೆ ಮೀಸಲಾದ ದಿನಗಳನ್ನು ನಿಯಮಾವಳಿಯಲ್ಲೇ ಬರೆದಿಟ್ಟರಾಯಿತು.

ಕೊಡುವವರು ಕೇಳುವ ಲೆಕ್ಕದ ಮಾತು ಈಗಲೇ ಹೇಳಿಬಿಡುತ್ತೇವೆ. 80ಜಿ ನೋಂದಣಿ ಇದ್ದ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಇಲ್ಲ, ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಬರಬೇಕು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ನೌಕರರಿಗೆ ಆ ರಿಯಾಯಿತಿಯೇ ಇಲ್ಲ. ಆದ್ದರಿಂದ ತೆರಿಗೆ ಉಳಿಯುತ್ತದೆ ಎಂದು ಹೇಳಿ ಯಾರ ಬಾಗಿಲಿಗೂ ಹೋಗುವುದು ಬೇಡ. ಕಂಪನಿಗಳ ಸಿಎಸ್‌ಆರ್ ಹಣದ ಮಾತೂ ಸಭೆಯಲ್ಲಿ ಬಂತು. ಆ ಕಾನೂನು 500 ಕೋಟಿ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳಿಗೆ. ನಮ್ಮ ಪೇಟೆಯ ಬಂಗಾರದಂಗಡಿ, ಸೀರೆ ಅಂಗಡಿಗಳನ್ನು ಅದರಡಿ ಕೇಳಲಾಗದು, ಸ್ನೇಹದ ಮೇಲೆ ಕೇಳಬಹುದು. ಪರದೇಶದಲ್ಲಿರುವ ನಮ್ಮ ಮಕ್ಕಳು ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಡಕಿಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಎನಿಸುತ್ತದೆ, ಎಫ್‌ಸಿಆರ್‌ಎ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಪ್ರೀತಿಯಿಂದ ಕಳಿಸಿದ್ದನ್ನು ವಾಪಸು ಮಾಡುವುದು ನಮಗೂ ಕಷ್ಟ, ದಯವಿಟ್ಟು ಮೊದಲೇ ಕೇಳಿ.

ಕಾರ್ಯಕಾರಿ ಸಮಿತಿಯ ಸಲಹೆ ಇಷ್ಟು. ಸದ್ಯ ಕಟ್ಟಡಕ್ಕೆ ಹಣ ಎತ್ತುವುದು ಬೇಡ. ಹಳ್ಳಿಯ ಪಟ್ಟಿಯಂತೆ, ಕೈಲಾದಷ್ಟು, ಆದರೆ ವರ್ಷ ವರ್ಷ ಕೊಡುವ ದಾನಿಗಳ ಪಟ್ಟಿ ಮಾಡೋಣ. ಅದರಿಂದ ಮೊದಲು ಸ್ವಂತ ಮೈಕ್ ಸೆಟ್ಟು, ಬೆಳಕಿನ ಸಾಮಾನು ಕೊಳ್ಳೋಣ. ಮೂರೂ ಊರಿನಲ್ಲಿ ವರ್ಷಕ್ಕೆ ಎರಡೆರಡು ಸಲ ಹಾಲಿಗೆ ಮುಂಚಿತವಾಗಿ ಪೂರ್ತಿ ಬಾಡಿಗೆ ಕಟ್ಟೋಣ. ಬರುವ ಕಲಾವಿದರಿಗೆ ಬಸ್ಸಿನ ಖರ್ಚು, ಊಟ, ಗೌರವಧನ ಸಾಲ ಮಾಡದೆ ಕೊಡೋಣ. ಮೂರು ವರ್ಷ ಇದು ನಿಲ್ಲದೆ ನಡೆದರೆ ಜಾಗ ಕೇಳಲು ಕಲೆಕ್ಟರ್ ಕಚೇರಿಗೆ ಲೆಕ್ಕಪುಸ್ತಕ ಹಿಡಿದುಕೊಂಡೇ ಹೋಗಬಹುದು. ಮೂರು ವರ್ಷ ಬಹಳವಾಯಿತು, ಅಷ್ಟರಲ್ಲಿ ಜಾಗದ ಬೆಲೆ ಏರುತ್ತದೆ ಎನ್ನುವ ಸದಸ್ಯರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಅದಕ್ಕೇ ನಿರ್ಣಯವನ್ನು ಸರ್ವಸದಸ್ಯರ ಸಭೆಗೆ ಬಿಟ್ಟಿದ್ದೇವೆ.

ಸಭೆಯ ದಿನಾಂಕ ಕಾರ್ಯಕ್ರಮಗಳ ಪಟ್ಟಿಯಲ್ಲಿದೆ. ಪಟ್ಟಿಗೆ ಸೇರುವವರು ಪ್ಯಾನ್ ನಂಬರು ತನ್ನಿ. ರಸೀದಿ ಪುಸ್ತಕ ಖಜಾಂಚಿಯವರ ಬಳಿ ಇರುತ್ತದೆ. ಕಳೆದ ವರ್ಷದ ಜಮಾಖರ್ಚನ್ನು ಅಂದೇ ಓದುತ್ತೇವೆ, ಶಾಮಿಯಾನದ ಬಾಡಿಗೆ ಸಮೇತ.

ಕಾರ್ಯದರ್ಶಿ