ಗೋದಾಮಿನ ಮೂಟೆ ಮಹಡಿ ಏರುವ ಬಗೆ

ಪೇಟೆ ಬೀದಿಯ ಗೋದಾಮಿನ ಮುಂದೆ ಲಾರಿ ಬಂದು ನಿಂತರೆ ಹಮಾಲಿಗಳು ತಲೆಗೆ ಟವೆಲು ಸುತ್ತಿಕೊಂಡು ಸಾಲು ಹಿಡಿಯುತ್ತಾರೆ. ಬೆನ್ನ ಮೇಲೊಂದು ಮೂಟೆ, ಮುಂದೆ ಕಡಿದಾದ ಮೆಟ್ಟಿಲು. ಇಡೀ ಲಾರಿ ಖಾಲಿಯಾಗುವ ಹೊತ್ತಿಗೆ ಮೊಣಕಾಲು ನಡುಗುತ್ತಿರುತ್ತದೆ. ಅದೇ ಬೀದಿಯಲ್ಲಿ ಲಿಫ್ಟು ಇರುವ ಇನ್ನೊಂದು ಗೋದಾಮಿನಲ್ಲಿ ಇಪ್ಪತ್ತು ಮೂಟೆಗಳನ್ನು ಕೈಗಾಡಿಯ ಸಮೇತ ಒಳಗೆ ತಳ್ಳಿ ಗುಂಡಿ ಒತ್ತುತ್ತಾರೆ. ಅರ್ಧ ನಿಮಿಷದೊಳಗೆ ಸರಕು ಮೂರನೆಯ ಮಹಡಿಯಲ್ಲಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು.

ಮೆಟ್ಟಿಲಿನ ಲೆಕ್ಕ

ಒಂದು ಮೂಟೆಯ ತೂಕ 50 ಕಿಲೋ, ಏರಬೇಕಾದ ಎತ್ತರ 10 ಮೀಟರು ಎಂದುಕೊಳ್ಳೋಣ. ಮೂಟೆಯನ್ನು ಮೇಲಕ್ಕೆ ಒಯ್ಯಲು ಗುರುತ್ವಾಕರ್ಷಣೆಯ ವಿರುದ್ಧ ನಡೆಯಬೇಕಾದ ಕೆಲಸ 50 × 9.8 × 10, ಅಂದರೆ 4,900 ಜೌಲ್. ಆದರೆ ಮೂಟೆ ತಾನಾಗಿ ಹೋಗುವುದಿಲ್ಲವಲ್ಲ! ಹೊರುವವನ ತೂಕ 60 ಕಿಲೋ ಇದ್ದರೆ, ತನ್ನ ದೇಹವನ್ನು ಎತ್ತಿಕೊಂಡು ಹೋಗಲು ಅವನು ಇನ್ನೂ 5,880 ಜೌಲ್ ಕೆಲಸ ಮಾಡಬೇಕು. ಪಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಮೂಟೆಗಲ್ಲ, ಮೈಗೇ ಖರ್ಚು. ಬರಿಗೈಯಲ್ಲಿ ಇಳಿದು ಬರುವಾಗ ಆ ಶಕ್ತಿ ಮರಳಿ ಸಿಗುವುದೂ ಇಲ್ಲ.

ಇಪ್ಪತ್ತು ಮೂಟೆಗಳೆಂದರೆ 1,000 ಕಿಲೋ. ಅಷ್ಟನ್ನು 10 ಮೀಟರು ಎತ್ತಲು ಬೇಕಾದದ್ದು 98,000 ಜೌಲ್. ಕೇಳಲು ದೊಡ್ಡ ಸಂಖ್ಯೆ. ಆದರೆ ವಿದ್ಯುತ್ತಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಯಂತ್ರದಲ್ಲಿ ಅರ್ಧದಷ್ಟು ಶಕ್ತಿ ಸೋರಿಹೋಗುತ್ತದೆಂದು ಭಾವಿಸಿದರೂ ಒಂದು ಟನ್ ಸರಕು ಮೇಲೇರಲು ಸಾಲುವ ವಿದ್ಯುತ್ತು, 9 ವ್ಯಾಟಿನ ಎಲ್‌ಇಡಿ ಬಲ್ಬು ಆರು ಗಂಟೆ ಉರಿಯಲು ಬೇಕಾಗುವಷ್ಟೇ. ಇಷ್ಟು ಅಗ್ಗವಾಗಿ ಸಿಗುವ ಕೆಲಸಕ್ಕೆ ಮನುಷ್ಯನ ಬೆನ್ನು ಬಾಗಬೇಕೆ?

ಸರಕಿಗೆಂದೇ ಹುಟ್ಟಿದ ಲಿಫ್ಟು

ಮೂಟೆಗೆ ಹಗ್ಗ ಕಟ್ಟಿ, ರಾಟೆಯ ಮೂಲಕ ಎಳೆದು ಮೇಲೇರಿಸುವ ಉಪಾಯ ಬಹಳ ಹಳೆಯದು. ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆ ದಂಡೆಯ ಹಳೆಯ ಮನೆಗಳ ನೆತ್ತಿಯಲ್ಲಿ ಹೊರಕ್ಕೆ ಚಾಚಿಕೊಂಡ ತೊಲೆ ಮತ್ತು ಕೊಕ್ಕೆ ಈಗಲೂ ಕಾಣುತ್ತವೆ. ದೋಣಿಯಲ್ಲಿ ಬಂದ ಸರಕನ್ನು ಅದರ ಮೂಲಕ ಅಟ್ಟಕ್ಕೆ ಎಳೆದುಕೊಳ್ಳುತ್ತಿದ್ದರು. ನಮ್ಮ ಬಾವಿಕಟ್ಟೆಯ ರಾಟೆಯದೂ ಇದೇ ತತ್ವ. ಎರಡರಲ್ಲೂ ಇರುವ ಭಯವೂ ಒಂದೇ: ಹಗ್ಗ ಹರಿದರೆ? ಕೊಡ ಬಿದ್ದರೆ ನಷ್ಟ ಸಣ್ಣದು. ಒಂದು ಟನ್ ಸರಕು ಬಿದ್ದರೆ ಕೆಳಗಿದ್ದವರ ಗತಿಯೇನು?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಅಮೆರಿಕದ ಎಲಿಶಾ ಓಟಿಸ್ ಹೆಸರು ಪ್ರಸಿದ್ಧ. 1852ರಲ್ಲಿ ನ್ಯೂಯಾರ್ಕ್ ಬಳಿಯ ಯಾಂಕರ್ಸ್ ಎಂಬ ಊರಿನಲ್ಲಿ, ಮಂಚ ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಆತ ಹೊಸ ಬಗೆಯ ಎತ್ತುಯಂತ್ರ ರೂಪಿಸಿದ. ಸರಕು ಹೊರುವ ಹಲಗೆಯ ನೆತ್ತಿಗೆ ಗಾಡಿಗೆ ಹಾಕುವಂಥ ಬಿಲ್ಲಿನಾಕಾರದ ಉಕ್ಕಿನ ಸ್ಪ್ರಿಂಗ್. ಅದಕ್ಕೇ ಹಗ್ಗ ಬಿಗಿದಿತ್ತು. ಭಾರದಿಂದ ಹಗ್ಗ ಬಿಗಿಯಾಗಿರುವಷ್ಟು ಹೊತ್ತೂ ಸ್ಪ್ರಿಂಗ್ ಬಾಗಿರುತ್ತದೆ. ಹಗ್ಗ ಹರಿದ ಕ್ಷಣವೇ ಅದು ನೆಟ್ಟಗಾಗುತ್ತದೆ, ಅದರ ತುದಿಗಳು ಎರಡೂ ಬದಿಯ ಕಂಬಿಗಳ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತವೆ. ಹಲಗೆ ಅಲ್ಲೇ ನಿಲ್ಲುತ್ತದೆ.

1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ವಸ್ತುಪ್ರದರ್ಶನದಲ್ಲಿ ಓಟಿಸ್ ಇದನ್ನು ಎಲ್ಲರ ಕಣ್ಣೆದುರು ತೋರಿಸಿದ. ತಾನೇ ಹಲಗೆಯ ಮೇಲೆ ನಿಂತು, ಎತ್ತರಕ್ಕೆ ಏರಿ, ಹಗ್ಗ ಕಡಿಸಿದ. ಹಲಗೆ ಸ್ವಲ್ಪವೇ ಜಾರಿ ನಿಂತುಬಿಟ್ಟಿತು! ಮೂರು ವರ್ಷಗಳ ಬಳಿಕ, 1857ರಲ್ಲಿ, ಅದೇ ನಗರದ ಹಾವೌಟ್ ಅಂಗಡಿಯ ಐದು ಮಹಡಿ ಕಟ್ಟಡದಲ್ಲಿ ಜನರಿಗಾಗಿ ಆತನ ಲಿಫ್ಟು ಓಡಾಡತೊಡಗಿತು. ಇಂದು ಬಹುಮಹಡಿ ಕಟ್ಟಡದಲ್ಲಿ ಗುಂಡಿ ಒತ್ತಿ ಮನೆ ಸೇರುವವರು ನೆನೆಯಬೇಕಾದ ಸಂಗತಿ ಇದು: ಈ ಸುರಕ್ಷಿತ ಲಿಫ್ಟು ಮೊದಲು ಹೊತ್ತದ್ದು ಸರಕನ್ನು, ಆಮೇಲೆ ಮನುಷ್ಯರನ್ನು.

ತಕ್ಕಡಿಯ ಇನ್ನೊಂದು ತಟ್ಟೆ

ಈಗಿನ ವಿದ್ಯುತ್ ಲಿಫ್ಟಿನ ಒಳಗೆ ಇಣುಕೋಣ. ಕಟ್ಟಡದ ಉದ್ದಕ್ಕೂ ಬಾವಿಯಂಥ ಓಣಿ. ಅದರಲ್ಲಿ ನೆಟ್ಟಗೆ ನಿಂತ ಉಕ್ಕಿನ ಕಂಬಿಗಳ ನಡುವೆ ಲಿಫ್ಟಿನ ಪೆಟ್ಟಿಗೆ ಜಾರುತ್ತದೆ. ಪೆಟ್ಟಿಗೆಯಿಂದ ಹೊರಟ ಉಕ್ಕಿನ ಹಗ್ಗಗಳು ಮೇಲಿನ ಗಾಲಿಯೊಂದನ್ನು ಬಳಸಿ ಇನ್ನೊಂದು ಬದಿಗೆ ಇಳಿಯುತ್ತವೆ. ಆ ತುದಿಗೆ ಕಟ್ಟಿರುವುದು ಪ್ರತಿಭಾರ, ಅಂದರೆ ಎದುರುತೂಕ. ಥೇಟ್ ತಕ್ಕಡಿ.

ಎದುರುತೂಕ ಎಷ್ಟಿರಬೇಕು? ಸಾಮಾನ್ಯವಾಗಿ ಖಾಲಿ ಪೆಟ್ಟಿಗೆಯ ತೂಕದ ಜೊತೆಗೆ, ಅದು ಹೊರಬಲ್ಲ ಗರಿಷ್ಠ ಭಾರದ ಹೆಚ್ಚುಕಡಿಮೆ ಅರ್ಧದಷ್ಟು. ಪೆಟ್ಟಿಗೆ 1,000 ಕಿಲೋ, ಹೊರೆ 1,000 ಕಿಲೋ, ಎದುರುತೂಕ 1,500 ಕಿಲೋ ಎನ್ನೋಣ. ಒಂದು ಬದಿಯಲ್ಲಿ 2,000, ಇನ್ನೊಂದು ಬದಿಯಲ್ಲಿ 1,500. ಮೋಟಾರು ಎತ್ತಬೇಕಾದದ್ದು ಉಳಿದ 500 ಕಿಲೋ ಮಾತ್ರ. ಸೆಕೆಂಡಿಗೆ ಅರ್ಧ ಮೀಟರು ವೇಗದಲ್ಲಿ ಏರಲು, ಘರ್ಷಣೆಯನ್ನು ಬಿಟ್ಟರೆ, ಸುಮಾರು 2.5 ಕಿಲೋವ್ಯಾಟ್ ಸಾಕು. ಎದುರುತೂಕ ಇಲ್ಲದಿದ್ದರೆ ಅದರ ನಾಲ್ಕು ಪಟ್ಟು ಬೇಕಾಗುತ್ತಿತ್ತು. ಪೆಟ್ಟಿಗೆ ಖಾಲಿಯಿದ್ದಾಗ ತಮಾಷೆ ನೋಡಿ: ಎದುರುತೂಕವೇ 500 ಕಿಲೋ ಹೆಚ್ಚು. ಆಗ ಮೋಟಾರು ಬೆವರುವುದು ಪೆಟ್ಟಿಗೆಯನ್ನು ಕೆಳಗಿಳಿಸಲು!

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹಗ್ಗವನ್ನು ಗಾಲಿಗೆ ಗಂಟು ಹಾಕಿರುವುದಿಲ್ಲ. ಗಾಲಿಯ ಗಾಡಿಯಲ್ಲಿ, ಅಂದರೆ ಅಂಚಿನ ಕಚ್ಚಿನಲ್ಲಿ, ಹಗ್ಗ ಒತ್ತಿ ಕುಳಿತು ಕೇವಲ ಘರ್ಷಣೆಯ ಬಲದಿಂದ ಎಳೆಯಲ್ಪಡುತ್ತದೆ. ಎರಡು ಬದಿಯ ತೂಕಗಳ ಅಂತರ ಒಂದು ಮಿತಿ ದಾಟಿದರೆ ಹಗ್ಗ ಜಾರುತ್ತದೆ. ‘ಹಗ್ಗ ಗಟ್ಟಿಯಾಗಿದೆ, ಇನ್ನೂ ನಾಲ್ಕು ಮೂಟೆ ಹಾಕು’ ಎನ್ನುವವರು ಇದನ್ನು ಮರೆಯುತ್ತಾರೆ. ಹಗ್ಗ ಹರಿಯದಿರಬಹುದು, ಆದರೆ ಹಿಡಿತ ತಪ್ಪಬಹುದು, ಬ್ರೇಕಿಗೆ ಆ ಭಾರ ತಡೆಯಲಾಗದೇ ಹೋಗಬಹುದು. ಗೋಡೆಯ ಮೇಲೆ ಬರೆದ ಕಿಲೋ ಲೆಕ್ಕ ಅಲಂಕಾರಕ್ಕಲ್ಲ.

ನೀರಿನಿಂದ ಎಣ್ಣೆಗೆ

ಹಗ್ಗದಿಂದ ಮೇಲೆಳೆಯುವ ಬದಲು ಕೆಳಗಿನಿಂದ ತಳ್ಳಿದರಾಗದೆ? ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವಕೀಲನಾಗಿದ್ದ ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ನದಿ ದಂಡೆಯ ಕ್ರೇನೊಂದನ್ನು ನಗರದ ನೀರಿನ ಒತ್ತಡದಿಂದಲೇ ನಡೆಸಿ ತೋರಿಸಿದ. ಅದೇ ವರ್ಷ ಲಿವರ್‌ಪೂಲ್ ಬಂದರಿನಲ್ಲಿ ಆಲ್ಬರ್ಟ್ ಡಾಕ್ ಉದ್ಘಾಟನೆಯಾಯಿತು. ಬೆಂಕಿಗೆ ಹೆದರಿ ಮರದ ತೊಲೆಗಳನ್ನು ಬಿಟ್ಟು ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದ ಅಲ್ಲಿನ ಗೋದಾಮುಗಳಲ್ಲಿ 1848ರಲ್ಲಿ ಜಲಶಕ್ತಿಯ ಎತ್ತುಯಂತ್ರಗಳು ಬಂದವು. ಲಂಡನ್ನಿನಲ್ಲಂತೂ ಒತ್ತಡದ ನೀರನ್ನು ಕೊಳವೆಗಳಲ್ಲಿ ಹರಿಸಿ ಲಿಫ್ಟು, ಕ್ರೇನುಗಳಿಗೆ ಮಾರುವ ಕಂಪನಿಯೇ ಇತ್ತು. ಅದು ಬಾಗಿಲು ಹಾಕಿದ್ದು 1977ರಲ್ಲಿ!

ಇಂದು ನೀರಿನ ಜಾಗಕ್ಕೆ ಎಣ್ಣೆ ಬಂದಿದೆ. ಎರಡು ಮೂರು ಮಹಡಿಯ ಗೋದಾಮುಗಳಲ್ಲಿ ಭಾರವಾದ ಸರಕಿಗೆ ಇಂಥ ಲಿಫ್ಟು ಹೆಚ್ಚು ಹೊಂದುತ್ತದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ಒತ್ತುತ್ತದೆ, ಕೊಂತ ಮೇಲೇರುತ್ತದೆ. ಪ್ಯಾಸ್ಕಲನ ನಿಯಮ ನೆನಪಿದೆಯಲ್ಲ? ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಕೊಂತದ ವ್ಯಾಸ 10 ಸೆಂಟಿಮೀಟರು ಇದ್ದರೆ ಅದರ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರು. ಪೆಟ್ಟಿಗೆ, ಸರಕು ಸೇರಿ 2,000 ಕಿಲೋ ಹೊರಲು ಚದರ ಸೆಂಟಿಮೀಟರಿಗೆ ಸುಮಾರು 25.5 ಕಿಲೋ ಒತ್ತಡ ಸಾಕು. ಇಳಿಯುವಾಗ ಮೋಟಾರೇ ಬೇಡ. ಕವಾಟ ತೆರೆದರೆ ಎಣ್ಣೆ ತೊಟ್ಟಿಗೆ ಮರಳುತ್ತದೆ, ಪೆಟ್ಟಿಗೆ ತನ್ನ ಭಾರದಿಂದಲೇ ಮೆಲ್ಲಗೆ ಇಳಿಯುತ್ತದೆ.

ಕೈಬಿಟ್ಟರೆ ನಿಲ್ಲಬೇಕು

ಓಟಿಸ್ ಕಲಿಸಿದ ಪಾಠ ಈಗಲೂ ಲಿಫ್ಟಿನ ಪ್ರತಿಯೊಂದು ಕಾವಲಿನಲ್ಲೂ ಇದೆ. ಏನಾದರೂ ಕೆಟ್ಟರೆ ಯಂತ್ರ ತಾನಾಗಿಯೇ ನಿಲ್ಲುವಂತಿರಬೇಕು ಎಂಬುದೇ ಆ ಪಾಠ.

ಮೋಟಾರಿನ ಬ್ರೇಕನ್ನು ನೋಡಿ. ಅದನ್ನು ಹಾಕಲು ಕರೆಂಟು ಬೇಡ, ಬಿಡಿಸಲು ಬೇಕು. ಸ್ಪ್ರಿಂಗುಗಳು ಸದಾ ಬ್ರೇಕನ್ನು ಅಮುಕುತ್ತಿರುತ್ತವೆ. ಕರೆಂಟು ಹರಿದಾಗ ವಿದ್ಯುತ್ಕಾಂತ ಅದನ್ನು ಎಳೆದು ಬಿಡಿಸುತ್ತದೆ. ಕರೆಂಟು ಹೋಯಿತೆಂದರೆ ಬ್ರೇಕು ಬಿತ್ತೆಂದೇ ಅರ್ಥ. ಪೆಟ್ಟಿಗೆ ಮಿತಿಮೀರಿದ ವೇಗದಲ್ಲಿ ಇಳಿದರೆ ಹಿಡಿಯಲು ಗವರ್ನರ್ ಎಂಬ ಚಕ್ರವಿದೆ. ವೇಗ ಹೆಚ್ಚಿದಂತೆ ಅದರ ತೂಕಗಳು, ಜಾತ್ರೆಯ ತಿರುಗುವ ತೊಟ್ಟಿಲುಗಳಂತೆ, ಹೊರಕ್ಕೆ ಚಾಚಿ ಚಕ್ರವನ್ನು ಕಚ್ಚಿ ನಿಲ್ಲಿಸುತ್ತವೆ. ಆಗ ಅದರ ಹಗ್ಗ ಪೆಟ್ಟಿಗೆಯ ಸನ್ನೆಯನ್ನು ಜಗ್ಗುತ್ತದೆ, ಬೆಣೆಗಳು ಕಂಬಿಗಳನ್ನು ಅಪ್ಪಿ ಹಿಡಿಯುತ್ತವೆ. ಬಾಗಿಲಿನದೂ ಹೀಗೆಯೇ. ಎಲ್ಲ ಮಹಡಿಗಳ ಬಾಗಿಲು ಮುಚ್ಚಿದಾಗ ಮಾತ್ರ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಒಂದು ತೆರೆದಿದ್ದರೂ ಲಿಫ್ಟು ಕದಲಬಾರದು.

ಇಷ್ಟೆಲ್ಲ ಇದ್ದೂ ಅವಘಡಗಳು ಏಕೆ? ಸಿನಿಮಾದಲ್ಲಿ ತೋರಿಸುವಂತೆ ಹಗ್ಗ ಹರಿದು ಬೀಳುವುದಕ್ಕಿಂತ ಹೆಚ್ಚು ಹೆದರಬೇಕಾದದ್ದು ಬಾಗಿಲಿಗೆ. ಸರಕು ತುಂಬುವ ಅವಸರದಲ್ಲಿ ಬಾಗಿಲು ಮುಚ್ಚಲು ಬೇಸರ. ‘ಪದೇ ಪದೇ ನಿಂತುಬಿಡುತ್ತೆ’ ಎಂದು ಯಾರೋ ಬಾಗಿಲಿನ ಸ್ವಿಚ್ಚಿಗೆ ತಂತಿ ಸುತ್ತಿ, ಸದಾ ಮುಚ್ಚಿದಂತೆ ಯಂತ್ರವನ್ನು ನಂಬಿಸಿಬಿಡುತ್ತಾರೆ. ಆ ಗೇಣುದ್ದದ ತಂತಿ ಇಡೀ ಕಾವಲನ್ನು ಕಿತ್ತುಹಾಕುತ್ತದೆ. ಪೆಟ್ಟಿಗೆ ಬೇರೆ ಮಹಡಿಯಲ್ಲಿರುವಾಗ ಬಾಗಿಲು ತೆರೆದಿದ್ದರೆ, ಮೂಟೆಯ ಮರೆಯಲ್ಲಿ ಮುಂದೇನಿದೆ ಎಂದು ಕಾಣದೆ ಕೈಗಾಡಿ ತಳ್ಳುತ್ತ ಬಂದವನು ಕಾಲಿಡುವುದು ನೆಲದ ಮೇಲಲ್ಲ, ಬಾವಿಗೆ.

ಭಾರತದ 1948ರ ಕಾರ್ಖಾನೆ ಕಾಯ್ದೆಯನ್ನು ರೂಪಿಸಿದವರು ಇದನ್ನು ಬಲ್ಲವರು. ಅದರ 28ನೆಯ ಕಲಮು ಲಿಫ್ಟಿನ ಓಣಿಗೆ ತಡೆ ಮತ್ತು ಬಾಗಿಲು ಇರಬೇಕೆಂದಿತು. ಗರಿಷ್ಠ ಭಾರವನ್ನು ಕಾಣುವಂತೆ ಬರೆಯಬೇಕೆಂದಿತು. ಆರು ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪರೀಕ್ಷೆ ಮಾಡಿಸಿ ದಾಖಲೆ ಇಡಬೇಕೆಂದಿತು. ಜನರನ್ನು ಒಯ್ಯುವುದಾದರೆ ಹಗ್ಗ ಅಥವಾ ಸರಪಳಿ ಕನಿಷ್ಠ ಎರಡಿರಬೇಕು, ಪ್ರತಿಯೊಂದೂ ಪೂರ್ತಿ ಭಾರವನ್ನು ಒಂಟಿಯಾಗಿ ಹೊರಬಲ್ಲದ್ದಾಗಿರಬೇಕು ಎಂದೂ ವಿಧಿಸಿತು. ಕರ್ನಾಟಕದಲ್ಲಿ ಲಿಫ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಕಾಯ್ದೆಗಳು ಕಾಲಕಾಲಕ್ಕೆ ಬದಲಾಗುತ್ತವೆ, ಅವುಗಳ ಹಿಂದಿನ ಭೌತಶಾಸ್ತ್ರ ಬದಲಾಗುವುದಿಲ್ಲ.

ಮಕ್ಕಳು ರಜೆಯಲ್ಲಿ ಅಪ್ಪನ ಅಂಗಡಿಗೋ ಮಾವನ ಗೋದಾಮಿಗೋ ಹೋಗುವುದುಂಟು. ಸರಕಿಗೆ ಮಾತ್ರ ಎಂದು ಬರೆದ ಲಿಫ್ಟಿನಲ್ಲಿ ಒಂದು ಸುತ್ತು ಹೋಗಿಬರುವ ಆಸೆ ಸಹಜ. ಅಂಥ ಲಿಫ್ಟಿನಲ್ಲಿ ಎಷ್ಟೋ ಸಲ ಒಳಗೆ ಗುಂಡಿಯೂ ಇರುವುದಿಲ್ಲ, ಬಾಗಿಲೂ ಇರುವುದಿಲ್ಲ. ಕೈಯೋ ಕಾಲೋ ಹೊರಗೆ ಚಾಚಿದರೆ ಸಾಗುವ ಪೆಟ್ಟಿಗೆಗೂ ನಿಂತ ಗೋಡೆಗೂ ನಡುವೆ ಸಿಕ್ಕಿಬಿಡುತ್ತದೆ. ಹೋಗಕೂಡದೆಂದು ಗದರಿಸುವುದಕ್ಕಿಂತ, ಏಕೆ ಹೋಗಬಾರದು ಎಂಬುದನ್ನು ಹೊರಗೆ ನಿಂತು ತಂದೆತಾಯಿಗಳು ವಿವರಿಸಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಮಾಡಿ ನೋಡಿ

ಖಾಲಿ ದಾರದ ರೀಲೊಂದನ್ನು ಪೆನ್ಸಿಲಿಗೆ ಬಿಗಿಯಾಗಿ ಸಿಕ್ಕಿಸಿ. ಪೆನ್ಸಿಲಿನ ಎರಡು ತುದಿಗಳನ್ನು ಎರಡು ಪುಸ್ತಕದ ರಾಶಿಗಳ ಮೇಲಿಡಿ. ರೀಲಿನ ಮೇಲೆ ದಾರ ಹಾಯಿಸಿ ಒಂದು ತುದಿಗೆ ಬೆಂಕಿಪೊಟ್ಟಣದ ಖಾನೆ, ಇನ್ನೊಂದಕ್ಕೆ ಜೇಡಿಮಣ್ಣಿನ ಉಂಡೆ ಕಟ್ಟಿ. ಖಾನೆಯಲ್ಲಿ ನಾಣ್ಯಗಳನ್ನಿಟ್ಟು ಎರಡೂ ಬದಿ ಸಮತೂಗುವಂತೆ ಮಾಡಿ ಪೆನ್ಸಿಲನ್ನು ತಿರುಗಿಸಿ. ಎಷ್ಟು ಸುಲಭವಾಗಿ ಏರುತ್ತದೆ! ಈಗ ಒಂದೊಂದೇ ನಾಣ್ಯ ಹೆಚ್ಚಿಸುತ್ತ ಹೋಗಿ. ಯಾವ ನಾಣ್ಯಕ್ಕೆ ದಾರ ಜಾರಿತು ಎಂದು ಬರೆದಿಡಿ. ಬಳಿಕ ದಾರವನ್ನು ರೀಲಿಗೆ ಇನ್ನೊಂದು ಸುತ್ತು ಹಾಕಿ ಮತ್ತೆ ಪರೀಕ್ಷಿಸಿ. ಸುತ್ತು ಹೆಚ್ಚಿದರೆ ಹಿಡಿತ ಏಕೆ ಹೆಚ್ಚುತ್ತದೆ ಎಂಬುದನ್ನು ಗೆಳೆಯರೊಡನೆ ಚರ್ಚಿಸಿ.

ಕೊನೆಗೊಂದು ಲೆಕ್ಕ. ಮೇಲೆ ಹೇಳಿದ ಲಿಫ್ಟಿನಲ್ಲಿ ಇಪ್ಪತ್ತರ ಬದಲು ಹತ್ತೇ ಮೂಟೆ ಇಟ್ಟರೆ ಮೋಟಾರು ಎಷ್ಟು ಕಿಲೋ ಎತ್ತಬೇಕಾಗುತ್ತದೆ? ಉತ್ತರ ಸಿಕ್ಕ ಮೇಲೆ, ಆಗಲೂ ಮೋಟಾರಿಗೆ ಸ್ವಲ್ಪವಾದರೂ ಕೆಲಸ ಏಕೆ ಉಳಿಯುತ್ತದೆಂದು ಯೋಚಿಸಿ. ಮೆಟ್ಟಿಲೇರುವ ಹಮಾಲಿಗೆ ಎದುರುತೂಕವಿಲ್ಲ ಎಂಬುದನ್ನೂ ಜೊತೆಗೇ ನೆನಪಿಡಿ.